ಜಪಾನೀ ಸಾಹಿತ್ಯ ಓದುವವರಿಗೆ ರಂಗಭೂಮಿ ಏಕೆ ಬೇಕು?

ಎರಡು ವರ್ಷ ಜಪಾನೀ ಭಾಷೆ ಕಲಿತಿರುವ ನೀವು, ಪದವಿಯಲ್ಲಿ ಅಲ್ಲಿನ ಸಾಹಿತ್ಯವನ್ನಷ್ಟೇ ಆರಿಸಿಕೊಳ್ಳಬೇಕೇ, ರಂಗಭೂಮಿಯನ್ನೂ ಒಂದು ವಿಷಯವಾಗಿ ತೆಗೆದುಕೊಳ್ಳಬೇಕೇ ಎಂದು ಕೇಳಿದ್ದೀರಿ. ಎರಡನ್ನೂ ಒಟ್ಟಿಗೆ ಓದಿ. ನಾನು ಹಾಗೆಯೇ ಓದಿದ್ದೇನೆ. ಅದರ ಕಾರಣವನ್ನು ಒಂದು ಕಥೆಯ ಮೂಲಕ ಹೇಳುತ್ತೇನೆ.

1184ರ ಇಚಿನೊತಾನಿ ಯುದ್ಧದಲ್ಲಿ ಕುಮಗಾಯ್ ಎಂಬ ಯೋಧನು ಶತ್ರುಪಕ್ಷದ ಅತ್ಸುಮೋರಿ ಎಂಬ ತರುಣನನ್ನು ಕೆಳಗೆ ಕೆಡವುತ್ತಾನೆ. ತನ್ನ ಮಗನದೇ ವಯಸ್ಸಿನ ಆ ಮುಖವನ್ನು ಕಂಡು ಬಿಟ್ಟುಬಿಡಬೇಕೆನಿಸಿದರೂ, ತನ್ನ ಪಕ್ಷದ ಸವಾರರು ಹತ್ತಿರವಾಗುತ್ತಿರುವುದರಿಂದ ಅಳುತ್ತಲೇ ತಲೆ ಕಡಿಯುತ್ತಾನೆ. ಅನಂತರ ಹುಡುಗನ ಬಳಿ ಒಂದು ಕೊಳಲು ಸಿಗುತ್ತದೆ. ಅಂಧ ಗಾಯಕರು ಬೀವಾ ಎಂಬ ತಂತಿವಾದ್ಯ ನುಡಿಸುತ್ತ ಹಾಡುತ್ತಿದ್ದ ‘ಹೈಕೆ ಮೊನೊಗತಾರಿ’ ಎಂಬ ಯುದ್ಧಕಥನದಲ್ಲಿ ಈ ಪ್ರಸಂಗ ಬರುತ್ತದೆ.

ನಾಟಕಕಾರ ಝೆಯಾಮಿಯ ‘ಅತ್ಸುಮೋರಿ’ ಎಂಬ ‘ನೋ’ ನಾಟಕ (ಮುಖವಾಡ, ಹಾಡು, ಕುಣಿತಗಳಿರುವ ಜಪಾನಿನ ಹಳೆಯ ರಂಗಪ್ರಕಾರ) ಆ ಕೊಲೆ ಮುಗಿದು ವರ್ಷಗಳಾದ ಮೇಲೆ ಆರಂಭವಾಗುತ್ತದೆ. ಸನ್ಯಾಸಿಯಾಗಿರುವ ಕುಮಗಾಯ್ ಅದೇ ಸ್ಥಳಕ್ಕೆ ಪ್ರಾರ್ಥನೆಗೆಂದು ಬರುತ್ತಾನೆ, ಸತ್ತ ತರುಣನ ಪ್ರೇತ ಅವನಿಗೆ ಎದುರಾಗುತ್ತದೆ. ಪಠ್ಯವನ್ನು ಮೊದಲ ಸಲ ಓದಿದಾಗ ಮಾತನಾಡುತ್ತಿರುವವರು ಯಾರು ಎಂಬುದೇ ನನಗೆ ಅನೇಕ ಕಡೆ ತಿಳಿಯಲಿಲ್ಲ. ಪ್ರದರ್ಶನದ ವಿಡಿಯೊ ನೋಡಿದ ಮೇಲೆ ಗಂಟು ಬಿಚ್ಚಿತು: ಮುಖವಾಡ ಧರಿಸಿದ ಪ್ರಧಾನ ಪಾತ್ರಧಾರಿ, ಅಂದರೆ ಶಿತೆ, ಕುಣಿಯುತ್ತಿರುವಾಗ ಅವನ ‘ನಾನು’ ಎಂಬ ಮಾತನ್ನು ಪಕ್ಕದಲ್ಲಿ ಕುಳಿತ ಮೇಳ ಹಾಡುತ್ತದೆ. ಸೇಡಿಗೆಂದು ಎತ್ತಿದ ಕತ್ತಿ ಇಳಿಯುವುದೂ, ಎದುರಿಗಿರುವವನು ಶತ್ರುವಲ್ಲ ಎಂಬ ಅರಿವು ಮೂಡುವುದೂ ಈ ಹಾಡು ಮತ್ತು ದೇಹಗಳ ನಡುವೆ. ಪುಟದಲ್ಲಿ ಅದು ಕೆಲವೇ ಸಾಲು.

ಹದಿನೆಂಟನೆಯ ಶತಮಾನದ ಜಪಾನಿನ ಗೊಂಬೆಯಾಟದವರು ಇದೇ ಕಥೆಯನ್ನು ಇನ್ನಷ್ಟು ಕಠೋರವಾಗಿಸಿದರು: ಅಲ್ಲಿ ಕುಮಗಾಯ್ ಅತ್ಸುಮೋರಿಯನ್ನು ಉಳಿಸಲು ಸ್ವಂತ ಮಗನನ್ನೇ ಬಲಿಕೊಡುತ್ತಾನೆ. ಕಬುಕಿ ಎಂಬ ಜನಪ್ರಿಯ ರಂಗಪ್ರಕಾರವೂ ಅದನ್ನು ತನ್ನದಾಗಿಸಿಕೊಂಡಿತು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಈಗಿನ ಜಪಾನೀ ಭಾಷೆಯಷ್ಟೇ ತಿಳಿದವರಿಗೆ ಇವುಗಳ ಮೂಲ ದಕ್ಕುವುದಿಲ್ಲ. ದಿನಪತ್ರಿಕೆಯ ಕನ್ನಡ ಬಲ್ಲವರು ಹಳಗನ್ನಡ ಕಾವ್ಯ ತೆರೆದಂತೆ, ಕ್ರಿಯಾಪದದ ಪ್ರತ್ಯಯಗಳೇ ಬೇರೆಯಾಗಿರುತ್ತವೆ. ನನ್ನ ಕಾಲೇಜಿನಲ್ಲಿ ಹಳೆಯ ವ್ಯಾಕರಣವನ್ನು ಕೊನೆಯ ವರ್ಷಕ್ಕೆ ಇಟ್ಟಿದ್ದರಿಂದ ಎರಡು ವರ್ಷ ಅನುವಾದಗಳನ್ನೇ ನಂಬಿಕೊಂಡಿರಬೇಕಾಯಿತು, ಆ ನಷ್ಟ ನನಗೆ ಇಂದಿಗೂ ನೋವು ತರುತ್ತದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಶಾಂತಿನಿಕೇತನದ ವಿಶ್ವಭಾರತಿ ಮೊದಲಾದೆಡೆ ಜಪಾನೀ ಪದವಿ ಶಿಕ್ಷಣವಿದೆ. ಎಲ್ಲಿಗೆ ಸೇರುವುದಾದರೂ ಹಳೆಯ ಭಾಷೆಯನ್ನು ಯಾವ ವರ್ಷದಿಂದ ಕಲಿಸುತ್ತಾರೆಂದು ಮೊದಲೇ ವಿಚಾರಿಸಿ. ಅಲ್ಲಿಯವರೆಗೆ ‘ಅತ್ಸುಮೋರಿ’ಯ ಅನುವಾದವೊಂದನ್ನು ತಂದು, ಮೇಳದ ಸಾಲುಗಳಿಗೆಲ್ಲ ಪೆನ್ಸಿಲಿನಿಂದ ಗೆರೆ ಹಾಕಿಕೊಂಡು ಓದಲು ಆರಂಭಿಸಿ.