ನಿಮ್ಮ ಲೇಖನದಲ್ಲಿ ಫ್ಯೂಸ್ ಕಾಣಲಿಲ್ಲ

ಮಾನ್ಯರೇ,

ಕಾರಿಗೆ ಆಂಪ್ಲಿಫೈಯರ್ ಮತ್ತು ಸಬ್‌ವೂಫರ್ (ಬಾಸ್ ಸದ್ದಿನ ದೊಡ್ಡ ಸ್ಪೀಕರ್) ಜೋಡಿಸುವಾಗ ಕರೆಂಟ್ ಕೊಡುವ ಬಗೆಯನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ತಿದ್ದಿ ಕಳುಹಿಸಿದರೆ ಪ್ರಕಟಿಸುವ ಮನಸ್ಸಿರುವುದರಿಂದ ಕಾರಣಗಳನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಮೊದಲ ಮೂರು ಪ್ಯಾರಾಗಳಲ್ಲಿ ಉಡುಪಿಯಿಂದ ಮಂಗಳೂರಿಗೆ ಬರುವಾಗ ಎದೆಗೆ ಬಡಿಯುವ ಬಾಸ್‌ನ ವರ್ಣನೆಯೇ ಇದೆ. ಪಡುಬಿದ್ರಿ ದಾಟಿ ಸುರತ್ಕಲ್ ತಲುಪಿದರೂ ವಯರ್‌ನ ಸುದ್ದಿಯಿಲ್ಲ. ಆ ಮೂರನ್ನೂ ತೆಗೆದುಬಿಡಿ.

ದೊಡ್ಡ ದೋಷ ನಾಲ್ಕನೆಯ ಪುಟದಲ್ಲಿದೆ. ‘ಆಂಪ್ಲಿಫೈಯರ್‌ನಲ್ಲಿಯೇ ಫ್ಯೂಸ್ ಇರುವುದರಿಂದ ಬೇರೆ ಫ್ಯೂಸ್ ಬೇಡ’ ಎಂದು ಬರೆದಿದ್ದೀರಿ. ಆ ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನು ಮಾತ್ರ. ಬ್ಯಾಟರಿಯಿಂದ ಡಿಕ್ಕಿಯವರೆಗಿನ ಸುಮಾರು 5 ಮೀಟರ್ ವಯರ್ ಎಂಜಿನ್ ಹಿಂದಿನ ತಗಡಿನ ರಂಧ್ರದಲ್ಲಿ ತೂರಿ ಬರುವಾಗ, ಅಲ್ಲಿ ಅಂಚಿಗೆ ಹಾಕುವ ರಬ್ಬರ್ ಬಳೆ (ಗ್ರಾಮೆಟ್) ಇಲ್ಲದೆ ಅದರ ಹೊದಿಕೆ ಸವೆದು ತಾಮ್ರವು ಕಾರಿನ ಲೋಹದ ಮೈಗೆ ತಾಗಿತೆಂದರೆ, ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ; ವಯರ್ ಕೆಂಪಗೆ ಕಾದು ಕಾರ್ಪೆಟ್ಟಿಗೆ ಬೆಂಕಿ ಹತ್ತಬಹುದು. ಆ ಕರೆಂಟ್ ಆಂಪ್ಲಿಫೈಯರ್‌ವರೆಗೆ ಹೋಗುವುದೇ ಇಲ್ಲವಾದ್ದರಿಂದ ಅಲ್ಲಿನ ಫ್ಯೂಸಿಗೆ ಏನೂ ತಿಳಿಯದು. ಆದ್ದರಿಂದ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಮುಖ್ಯ ಫ್ಯೂಸ್ ಇರಲೇಬೇಕು, ಅದರ ಆಂಪಿಯರ್ ಅಳತೆ ವಯರ್ ತಾಳುವ ಕರೆಂಟನ್ನು ಮೀರಬಾರದು. ನಿಮ್ಮ ಆ ಒಂದು ವಾಕ್ಯಕ್ಕಾಗಿಯೇ ಲೇಖನವನ್ನು ತಡೆಹಿಡಿದಿದ್ದೇನೆ.

‘ದಪ್ಪ ವಯರ್ ಬಳಸಿ’ ಎಂದರೆ ಓದುಗ ಅಂಗಡಿಯಲ್ಲಿ ಏನೆಂದು ಕೇಳಬೇಕು? ಲೆಕ್ಕ ತೋರಿಸಿ. ನೀವು ಹೇಳುವ 500 ವಾಟ್ ಆರ್‌ಎಂಎಸ್‌ನ (ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿಯ) ಕ್ಲಾಸ್ ಡಿ ಮಾದರಿಯ ಆಂಪ್ಲಿಫೈಯರ್ ಶೇ. 80 ದಕ್ಷತೆಯದೆಂದು ಹಿಡಿದರೆ 625 ವಾಟ್ ಎಳೆಯುತ್ತದೆ. ಎಂಜಿನ್ ಓಡುವಾಗಿನ 13.8 ವೋಲ್ಟಿನಲ್ಲಿ ಅದು ಸುಮಾರು 45 ಆಂಪಿಯರ್. 5 ಮೀಟರ್ ದೂರಕ್ಕೆ 4 ಗೇಜಿನ (ಗೇಜ್ ಅಂಕಿ ಕಡಿಮೆಯಾದಷ್ಟೂ ವಯರ್ ದಪ್ಪ) ತಾಮ್ರದ ವಯರ್‌ನಲ್ಲಿ ನಷ್ಟವಾಗುವುದು 0.2 ವೋಲ್ಟಿಗಿಂತ ಕಡಿಮೆ, 8 ಗೇಜಿನಲ್ಲಿ ಅರ್ಧ ವೋಲ್ಟಿನ ಹತ್ತಿರ. ಅಗ್ಗದ ಕಿಟ್‌ಗಳಲ್ಲಿ ಬರುವುದು ಹಲವು ಸಲ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಒಂದು ಎಳೆಯನ್ನು ಚಾಕುವಿನಿಂದ ಕೆರೆದರೆ ಒಳಗೆ ಬಿಳಿ ಹೊಳಪು ಕಾಣುತ್ತದೆ. ಅಂಥದ್ದಾದರೆ ಇನ್ನೂ ದಪ್ಪನೆಯದನ್ನೇ ತೆಗೆದುಕೊಳ್ಳಬೇಕೆಂದು ಹೇಳಬೇಡವೇ?

ಬಾಸ್ ಬಡಿದಾಗ ಹೆಡ್‌ಲೈಟ್ ಮಂಕಾಗುವುದಕ್ಕೆ, ವಿದ್ಯುತ್ತನ್ನು ಕ್ಷಣಕಾಲ ಕೂಡಿಟ್ಟು ಕೊಡುವ 1 ಫ್ಯಾರಡ್ ಕೆಪಾಸಿಟರ್ ಪರಿಹಾರವೆಂಬ ಮಾತನ್ನು ಕೈಬಿಡಿ. 14ರಿಂದ 13 ವೋಲ್ಟಿಗೆ ಇಳಿಯುವಾಗ ಅದು ಕೊಡುವುದು 13.5 ಜೌಲ್, ನಿಮ್ಮ ಆಂಪ್ಲಿಫೈಯರಿಗೆ ಅದು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲಿಗೂ ಕಷ್ಟದಲ್ಲಿ ಸಾಕಾಗುತ್ತದೆ. ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಆಲ್ಟರ್ನೇಟರ್ ಸಾಲದಿದ್ದರೆ ಕೆಪಾಸಿಟರ್ ಏನು ಮಾಡೀತು?

ಇನ್ನು ಮೆಚ್ಚಿದ್ದನ್ನು ಹೇಳುತ್ತೇನೆ. ಆಟಿ ತಿಂಗಳ ಮಳೆಯಲ್ಲಿ ವೂಫರಿನ ಸದ್ದು ಕುಗ್ಗಿ, ನೀವು ಡಿಕ್ಕಿಯ ಕಾರ್ಪೆಟ್ ಎತ್ತಿದಾಗ ಆಂಪ್ಲಿಫೈಯರಿನ ನೆಗೆಟಿವ್ ವಯರನ್ನು ಕಾರಿನ ತಗಡಿಗೆ ಬಿಗಿಯುವ ಗ್ರೌಂಡ್ ಬೋಲ್ಟಿನ ಸುತ್ತ ತುಕ್ಕು ಕಂಡದ್ದನ್ನು ಬರೆದಿದ್ದೀರಲ್ಲ, ಅಲ್ಲಿ ಲೇಖನ ಉಸಿರಾಡುತ್ತದೆ. ಮಲ್ಪೆಯ ಉಪ್ಪುಗಾಳಿಯಲ್ಲಿ ಕಾರು ನಿಲ್ಲಿಸುವವರಿಗೆ ಇದಕ್ಕಿಂತ ಬೇಕಾದ ಮಾತಿಲ್ಲ. ಅದನ್ನು ಏಳನೆಯ ಪುಟದಲ್ಲಿ ಹೂತಿಟ್ಟದ್ದೇಕೆ? ಅಲ್ಲಿಂದಲೇ ಆರಂಭಿಸಿ. ಪೇಂಟ್ ಕೆರೆದು ಹೊಳೆಯುವ ತಗಡನ್ನು ಹೊರತೆಗೆಯುವುದು, ಪಾಸಿಟಿವ್ ವಯರಿನಷ್ಟೇ ದಪ್ಪದ ಗ್ರೌಂಡ್ ವಯರನ್ನು ಅರ್ಧ ಮೀಟರಿನೊಳಗೆ ಮುಗಿಸುವುದು, ಬೋಲ್ಟ್ ಬಿಗಿಮಾಡಿದ ಮೇಲೆ ಗ್ರೀಸ್ ಬಳಿಯುವುದು, ಸೀಟ್‌ಬೆಲ್ಟಿನ ಬೋಲ್ಟನ್ನು ಮುಟ್ಟದಿರುವುದು, ಇವೆಲ್ಲ ಆ ತುಕ್ಕಿನ ಬೆನ್ನಿಗೇ ಬರಲಿ. ಎಂಜಿನ್ ವೇಗದೊಂದಿಗೆ ಏರುವ ಸಿಳ್ಳೆಯ ಸದ್ದಿಗೆ ನೀವು ಸ್ಪೀಕರನ್ನು ದೂರಿದ್ದೀರಿ. ಮೊದಲು ನೋಡಬೇಕಾದದ್ದು ಇದೇ ಗ್ರೌಂಡನ್ನು.

ಕೆಲಸ ಹಿಡಿಯುವ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಬೇಕೆಂಬುದು ಎಲ್ಲಿಯೂ ಇಲ್ಲ, ಸೇರಿಸಿ. ಆ ತುಕ್ಕು ಹಿಡಿದ ಬೋಲ್ಟಿನ ಫೋಟೊ ತೆಗೆದಿದ್ದರೆ ಹೊಸ ಪ್ರತಿಯ ಜೊತೆಗೆ ಅದನ್ನೂ ಕಳುಹಿಸಿ.

ಇಂತಿ,
ಸಂಪಾದಕ, ಮಂಗಳೂರು