ಓದುಗರ ಪ್ರಶ್ನೆಗಳಿಗೆ ಉತ್ತರ: ನೀರು ಕುಡಿದ ಎಂಜಿನ್

ಪ್ರಶ್ನೆ: ಹಳ್ಳ ದಾಟುವಾಗ ನನ್ನ ಫೋರ್ ಸ್ಟ್ರೋಕ್ ಡರ್ಟ್ ಬೈಕ್ ಮಗುಚಿಬಿದ್ದು, ಓಡುತ್ತಿದ್ದ ಎಂಜಿನ್ ನೀರಿನೊಳಗೇ ನಿಂತುಹೋಯಿತು. ಈಗ ಕಿಕ್ಕರ್ ಅರ್ಧಕ್ಕೇ ಗಟ್ಟಿಯಾಗಿ ನಿಲ್ಲುತ್ತದೆ. ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿದೆ. ತಳ್ಳಿ ಸ್ಟಾರ್ಟ್ ಮಾಡಬಹುದೇ?

ಉತ್ತರ: ದಯವಿಟ್ಟು ತಳ್ಳಬೇಡಿ, ಕಿಕ್ ಕೂಡ ಹೊಡೆಯಬೇಡಿ. ಪಿಸ್ಟನ್ ಮೇಲೇರುವಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಕುಗ್ಗಿ ಜಾಗ ಬಿಡುತ್ತದೆ, ಆದರೆ ನೀರು ಹಾಗೆ ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿರುವಾಗ ಗೇರ್ ಹಾಕಿ ತಳ್ಳಿದರೆ ಹಿಂಚಕ್ರದ ಬಲವೆಲ್ಲ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮೇಲೆ ಬಿದ್ದು ಅದು ಬಾಗಬಹುದು. ನಿಮ್ಮ ಕಿಕ್ಕರ್ ಅರ್ಧಕ್ಕೆ ನಿಲ್ಲುತ್ತಿರುವುದು ನೀರು ಇನ್ನೂ ಒಳಗಿದೆ ಎಂಬುದರ ಲಕ್ಷಣವೇ ಇರಬೇಕು.

ಪೆಟ್ರೋಲ್ ಕಾಕ್ ಮುಚ್ಚಿ, ಸ್ಪಾರ್ಕ್ ಪ್ಲಗ್ಗಿನ ಸುತ್ತಲಿನ ಕೆಸರನ್ನು ತೊಳೆದು ಒರೆಸಿದ ಮೇಲಷ್ಟೇ ಪ್ಲಗ್ ಬಿಚ್ಚಿರಿ. ಆ ತೂತಿನೊಳಗೆ ಮರಳು ಬಿದ್ದರೆ ನೀರಿಗಿಂತ ದೊಡ್ಡ ಹಾನಿಯಾಗುತ್ತದೆ. ಒದ್ದೆ ಏರ್ ಫಿಲ್ಟರ್ ತೆಗೆದು ಅದರ ಪೆಟ್ಟಿಗೆಯನ್ನು ಒಣಗಿಸಿ. ಮುಂಚಕ್ರವನ್ನು ಎತ್ತಿ ಹಿಡಿದು ಸೈಲೆನ್ಸರಿನ ನೀರನ್ನು ಸುರಿಸಿರಿ. ಕಿಡಿ ಹಾರದಂತೆ ಇಗ್ನಿಷನ್ ಆಫ್ ಮಾಡಿ, ಮುಖವನ್ನು ದೂರವಿಟ್ಟು, ಕಿಕ್ಕರನ್ನು ಕೈಯಿಂದ ನಿಧಾನವಾಗಿ ಒತ್ತುತ್ತಾ ಬಂದರೆ ನೀರು ಪ್ಲಗ್ ತೂತಿನಿಂದ ಹೊರಚಿಮ್ಮುತ್ತದೆ. ಅದು ಪೂರ್ತಿ ನಿಂತ ಮೇಲೂ ಎಂಜಿನ್ ಒಂದೇ ಜಾಗದಲ್ಲಿ ತಡೆದರೆ ಅಥವಾ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜಿನಲ್ಲಿ ಅಂಕಿ ಬಹಳ ಕಡಿಮೆ ಬಂದರೆ, ಮುಳುಗಿದ ಕ್ಷಣದಲ್ಲೇ ರಾಡ್ ಬಾಗಿರಬಹುದು. ಆಗ ಸ್ಟಾರ್ಟ್ ಮಾಡದೆ ಎಂಜಿನ್ ಬಿಚ್ಚಿಸುವುದೇ ಸರಿ.

ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ಕಾರ್ಬುರೇಟರಿನ ಬಟ್ಟಲಿನ ತಳದಲ್ಲಿ, ಮೇನ್ ಜೆಟ್ ಎಂಬ ಸಣ್ಣ ರಂಧ್ರದ ತುಂಡು ಪೆಟ್ರೋಲ್ ಎಳೆಯುವ ಜಾಗದಲ್ಲೇ, ನಿಂತಿರುತ್ತದೆ. ಬಟ್ಟಲಿನ ಡ್ರೈನ್ ಸ್ಕ್ರೂ ಬಿಚ್ಚಿ ಅದನ್ನು ಹರಿಸಿ. ಟ್ಯಾಂಕಿನ ಗಾಳಿ ಕೊಳವೆಯೂ ಮುಳುಗಿದ್ದರೆ ಪೆಟ್ರೋಲನ್ನೇ ಬದಲಿಸುವುದು ಕ್ಷೇಮ, ಏಕೆಂದರೆ ಎಥೆನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರಿಕೊಂಡು, ನೀರು ಹೆಚ್ಚಾದಾಗ ಎರಡು ಪದರಗಳಾಗಿ ಬೇರ್ಪಡುತ್ತದೆ.

ಇನ್ನು ಆಯಿಲ್ ವಿಷಯಕ್ಕೆ ಹೆಚ್ಚು ಗಮನ ಕೊಡಿ. ಬೆಳ್ಳಗಾದ ಆಯಿಲ್ ಬೇರಿಂಗ್‌ಗಳ ನಡುವೆ ನಿಲ್ಲಬೇಕಾದ ಪದರವನ್ನು ಉಳಿಸುವುದಿಲ್ಲ, ಮೇಲಾಗಿ ಬಿಟ್ಟಷ್ಟೂ ಒಳಗೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಸ್ಟಾರ್ಟ್ ಮಾಡುವ ಮೊದಲೇ ಅದನ್ನು ಹರಿಸಿ, ಫಿಲ್ಟರ್ ಬದಲಿಸಿ, ಹೊಸ ಆಯಿಲ್ ತುಂಬಿ, ಎಂಜಿನ್ ಕೆಲವೇ ನಿಮಿಷ ಓಡಿದ ಮೇಲೆ ಬಿಸಿಯಿರುವಾಗಲೇ ಮತ್ತೆ ಹರಿಸಿ. ಬಣ್ಣ ತಿಳಿಯಾಗುವವರೆಗೆ ಇದೇ ಕ್ರಮ. ಹಲವು ಬೈಕ್‌ಗಳಲ್ಲಿ ಕ್ಲಚ್ಚೂ ಇದೇ ಆಯಿಲಿನಲ್ಲಿ ಮುಳುಗಿರುವುದರಿಂದ, ತೊಳೆಯುವುದಕ್ಕಷ್ಟೇ ಎಂದು ಕಾರಿನ ಆಯಿಲ್ ಹಾಕಬೇಡಿ. ಅದರಲ್ಲಿರುವ ಘರ್ಷಣೆ ತಗ್ಗಿಸುವ ಅಂಶಗಳಿಂದ ಕ್ಲಚ್ ಜಾರಬಹುದು. ಡಬ್ಬಿಯ ಮೇಲೆ ಜಾಸೋ ಎಂಎ (JASO MA) ಎಂದಿರಲಿ, ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿಗೆ ಹೊಂದುವ ಆಯಿಲಿನ ಗುರುತದು.

ಎರಡು ಮೂರು ಬಾರಿ ಬದಲಿಸಿದರೂ ಆಯಿಲ್ ಬೆಳ್ಳಗಾಗುತ್ತಿದ್ದು, ಎಂಜಿನ್ ತಂಪಾಗಿಸುವ ರೇಡಿಯೇಟರಿನ ದ್ರವವಾದ ಕೂಲಂಟೂ ಇಳಿಯುತ್ತಿದ್ದರೆ ನೀರು ಹಳ್ಳದ್ದಲ್ಲ, ಎಂಜಿನ್ನಿನದೇ. ವಾಟರ್ ಪಂಪಿನ ಕೆಳಗಿರುವ ಸಣ್ಣ ತೂತಿನಿಂದ ತೊಟ್ಟಿಕ್ಕುತ್ತಿದ್ದರೆ ಪಂಪಿನ ಸೀಲ್ ಹೋಗಿದೆ; ಓಡುವಾಗ ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ ಸಿಲಿಂಡರ್ ಮತ್ತು ಅದರ ಹೆಡ್ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ನೋಡಿಸಿ.

ಪ್ರಶ್ನೆ: ಕೆಸರಿನಲ್ಲಿ ಬಹಳ ಓಡಿಸಿದ ನಂತರ ನನ್ನ ಬೈಕ್ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿದೆ. ಪ್ಲಗ್ ಹೊಸದು, ಕಾರ್ಬುರೇಟರ್ ಶುಚಿಯಾಗಿದೆ.

ಉತ್ತರ: ಏರ್ ಫಿಲ್ಟರ್ ತೆಗೆದು ಅದರ ಹಿಂದಿನ ರಬ್ಬರ್ ಕೊಳವೆಯ ಒಳಗೋಡೆಯನ್ನು ಶುಭ್ರವಾದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಮಣ್ಣಿನ ಕಣ ಅಂಟಿದರೆ ಧೂಳು ಫಿಲ್ಟರ್ ದಾಟಿದೆ ಎಂದರ್ಥ. ಆ ಧೂಳು ಪಿಸ್ಟನ್ ರಿಂಗ್‌ಗಳನ್ನು ಸವೆಸುವುದಲ್ಲದೆ ಇನ್‌ಟೇಕ್ ವಾಲ್ವ್‌ಗಳನ್ನೂ ಅವು ಕೂರುವ ಸೀಟನ್ನೂ ಸವೆಸುತ್ತದೆ. ವಾಲ್ವ್ ಸೀಟಿನೊಳಕ್ಕೆ ಇಳಿದಂತೆಲ್ಲ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಣ್ಣ ಅಂತರ) ಕಡಿಮೆಯಾಗಿ, ಕೊನೆಗೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರಿಹೋಗುತ್ತದೆ. ಮೊದಲು ವಾಲ್ವ್ ಕ್ಲಿಯರೆನ್ಸ್ ಅಳೆಸಿ. ಶಿಮ್ (ಆ ಅಂತರ ಹೊಂದಿಸುವ ಸಣ್ಣ ಬಿಲ್ಲೆ) ಬದಲಿಸಿ ಹೊಂದಿಸಿದ ಕೆಲವೇ ಸವಾರಿಗಳಲ್ಲಿ ಅದು ಮತ್ತೆ ತಗ್ಗಿದರೆ ವಾಲ್ವ್‌ಗಳನ್ನೇ ಬದಲಿಸಿ ಸೀಟ್ ಕತ್ತರಿಸಿ ಸರಿಪಡಿಸಬೇಕಾಗುತ್ತದೆ. ಫೋಮ್ ಫಿಲ್ಟರನ್ನು ತೊಳೆದು ಒಣಗಿಸಿ, ಫಿಲ್ಟರ್ ಆಯಿಲ್ ಎಲ್ಲೆಡೆ ಸಮವಾಗಿ ಹೀರುವಂತೆ ಹಿಂಡಿ, ಅದು ಕೂರುವ ಅಂಚಿಗೆ ಗ್ರೀಸ್ ಬಳಿದು ಜೋಡಿಸಿ.