ಕೆಲಸ ಬಿಟ್ಟ ಮೇಲಿನ ಹುಡುಕಾಟ: ಮೊದಲು ಒಂದು ಪಟ್ಟಿ ಮಾಡಿ

ಸರ್, ನಿಮ್ಮ ಪೋಸ್ಟ್ ಓದಿದೆ. ಕಂಪನಿ ಬಿಟ್ಟು ಮೂರು ತಿಂಗಳಾಯಿತು, ಬೆಳಿಗ್ಗೆ ತಾರಸಿಯ ಗಿಡಗಳಿಗೆ ನೀರು ಹಾಕಿ ಕೆಳಗಿಳಿದರೆ ಲ್ಯಾಪ್‌ಟಾಪ್ ತೆರೆಯೋಕೆ ಮನಸ್ಸಾಗಲ್ಲ, ಎಲ್ಲೆಲ್ಲಿ ಅರ್ಜಿ ಹಾಕಿದ್ದೀನಿ ಅಂತಾನೂ ನೆನಪಿಲ್ಲ ಎಂದು ಬರೆದಿದ್ದೀರಿ. ಕೈತೋಟದ ಗುಂಪಿನಲ್ಲಿ ಕೇಳಿದ್ದಕ್ಕೆ ಸಂಕೋಚ ಬೇಡ. ಇಲ್ಲಿ ಐಟಿಯವರು ಬೇಕಾದಷ್ಟು ಜನ ಇದ್ದಾರೆ. ನಾನು ಬೆಂಗಳೂರಿನಲ್ಲಿ ನೇಮಕಾತಿ ವಿಭಾಗದಲ್ಲೇ ಇರುವವಳು. ಅರ್ಜಿಗಳು ಬಂದು ಬೀಳುವ ಕಡೆ ಕೂತು ನೋಡಿದ್ದನ್ನು ಹೇಳುತ್ತೇನೆ.

ನಿಮ್ಮದು ಸೋಮಾರಿತನ ಅಂತ ನನಗೆ ಅನಿಸಲಿಲ್ಲ. ಲ್ಯಾಪ್‌ಟಾಪ್ ತೆರೆದರೆ ಮುಂದೆ ಏನು ಮಾಡಬೇಕು ಅನ್ನೋದು ಗೊತ್ತಿಲ್ಲ, ಅದಕ್ಕೇ ಮನಸ್ಸು ಹಿಂಜರಿಯುತ್ತೆ. ಅದಕ್ಕೆ ಒಂದು ಪಟ್ಟಿ ಬೇಕು. ಎಕ್ಸೆಲ್ ಆದರೂ ಸರಿ, ಮಗನ ಹಳೇ ನೋಟ್‌ಬುಕ್ ಆದರೂ ಸರಿ. ತಾರೀಖು, ಕಂಪನಿ, ಯಾವ ಹುದ್ದೆ, ಯಾವ ರೆಸ್ಯೂಮೆ ಕಳಿಸಿದಿರಿ, ಯಾರ ಮೂಲಕ ಹೋಯಿತು, ಸಂಬಳ ಎಷ್ಟು ಹೇಳಿದಿರಿ, ಮತ್ತೆ ಯಾವತ್ತು ವಿಚಾರಿಸಬೇಕು. ಇಷ್ಟು ಸಾಕು.

"ಯಾರ ಮೂಲಕ" ಅನ್ನೋದನ್ನು ಮಾತ್ರ ಬಿಡಬೇಡಿ. ಕೆಲಸ ಕೊಡಿಸುವ ಇಬ್ಬರು ಕನ್ಸಲ್ಟೆನ್ಸಿಯವರು ನಿಮ್ಮ ರೆಸ್ಯೂಮೆಯನ್ನು ಒಂದೇ ಕಂಪನಿಗೆ ಕಳಿಸಿದರೆ, ಕಮಿಷನ್ ಯಾರಿಗೆ ಸೇರಬೇಕು ಅಂತ ಅವರಿಬ್ಬರಿಗೂ ಜಗಳ ಹತ್ತುತ್ತೆ. ಆ ತಲೆನೋವೇ ಬೇಡ ಅಂತ ಕಂಪನಿಯವರು ಅಭ್ಯರ್ಥಿಯನ್ನೇ ಕೈಬಿಡೋದುಂಟು. ಹಾಗಾಗಿ ಕನ್ಸಲ್ಟೆನ್ಸಿಯವರು ಫೋನ್ ಮಾಡಿದಾಗ ಕಂಪನಿಯ ಹೆಸರು ಕೇಳಿ, ಪಟ್ಟಿ ನೋಡಿ, ಆಮೇಲೆ ಹೂಂ ಅನ್ನಿ. ಸಂಬಳದ್ದೂ ಹಾಗೇ. ಮೊದಲ ಫೋನಿನಲ್ಲಿ ಒಂದು ಅಂಕಿ, ಎಚ್‌ಆರ್ ಸುತ್ತಿನಲ್ಲಿ ಇನ್ನೊಂದು ಅಂಕಿ ಹೇಳಿದರೆ ನಮಗೆ ತಕ್ಷಣ ಗೊತ್ತಾಗುತ್ತೆ.

ಒಂದೇ ದಿನ ಕೂತು ಕಂಡಕಂಡ ಕಡೆ ಅರ್ಜಿ ಹಾಕಿ ವಾರಗಟ್ಟಲೆ ಕಾಯಬೇಡಿ. ಕೊತ್ತಂಬರಿಯನ್ನು ನಾವು ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತುತ್ತೀವಲ್ಲ, ಹಾಗೆ ಮಾಡಿ. ದಿನಕ್ಕೆ ಎರಡು ಮೂರು ಅರ್ಜಿ ಸಾಕು, ಆದರೆ ಹುದ್ದೆಯ ವಿವರ ಓದಿ, ಅದಕ್ಕೆ ಹೊಂದುವ ಹಾಗೆ ರೆಸ್ಯೂಮೆಯ ಮೊದಲ ನಾಲ್ಕು ಸಾಲು ತಿದ್ದಿ ಕಳಿಸಿ. ಉಳಿದ ಸಮಯ ಹಳೇ ಸಹೋದ್ಯೋಗಿಗಳಿಗೆ ಫೋನ್ ಮಾಡಿ. ರೆಫರಲ್ ಮೂಲಕ, ಅಂದರೆ ಕಂಪನಿಯ ಒಳಗಿನವರ ಶಿಫಾರಸಿನಿಂದ ಬಂದ ರೆಸ್ಯೂಮೆಯನ್ನು ನಾವು ತೆರೆದಾದರೂ ನೋಡುತ್ತೇವೆ. ಸುಮ್ನೆ ಬಟನ್ ಒತ್ತಿ ಕಳಿಸಿದ್ದರಲ್ಲಿ ಎಷ್ಟೋ ಅರ್ಜಿಗಳನ್ನು ಯಾರೂ ತೆರೆಯೋದೇ ಇಲ್ಲ, ನಿಜ ಹೇಳಬೇಕಂದ್ರೆ.

ನೌಕರಿ ಡಾಟ್ ಕಾಮ್‌ನಲ್ಲಿ ಪ್ರೊಫೈಲ್ ಇದ್ದರೆ ಆಗಾಗ ಲಾಗಿನ್ ಆಗಿ ಏನಾದರೊಂದು ಸಣ್ಣದು ತಿದ್ದುತ್ತಿರಿ. ಇತ್ತೀಚೆಗೆ ಯಾರು ಲಾಗಿನ್ ಆಗಿದ್ದಾರೆ ಅಂತ ಸೋಸಿಯೇ ನಾವು ಹುಡುಕೋದು. ನೀವು ಕೆಲಸ ಬಿಟ್ಟಿರುವುದನ್ನೂ ಮುಚ್ಚಿಡಬೇಡಿ. ಎಷ್ಟೋ ಐಟಿ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ, 90 ದಿನ. ಅಷ್ಟು ದಿನ ಕಾಯಲಾಗದ ಮ್ಯಾನೇಜರ್‌ಗೆ "ತಕ್ಷಣ ಸೇರಬಲ್ಲೆ" ಅನ್ನುವವರು ಸಿಕ್ಕರೆ ಸಂತೋಷ. ಅದನ್ನು ರೆಸ್ಯೂಮೆಯ ಮೇಲ್ಗಡೆಯೇ ಬರೆಯಿರಿ. ಯಾಕೆ ಬಿಟ್ಟಿರಿ ಅಂದರೆ ಎರಡು ವಾಕ್ಯದಲ್ಲಿ ನಿಜ ಹೇಳಿ ನಿಲ್ಲಿಸಿ. ಹಳೇ ಬಾಸ್ ಕಥೆ ಬೇಡ.

ಅರ್ಜಿ ಹಾಕಲು ಮನಸ್ಸೇ ಬಾರದ ದಿನ ಕಾಗದಪತ್ರ ಜೋಡಿಸಿ. ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ ಪತ್ರ), ಕೊನೆಯ ಮೂರು ತಿಂಗಳ ಪೇ ಸ್ಲಿಪ್, ಫಾರ್ಮ್ 16 (ಸಂಬಳದಲ್ಲಿ ಕಡಿತವಾದ ತೆರಿಗೆಯ ಪ್ರಮಾಣಪತ್ರ) ಒಂದೇ ಫೋಲ್ಡರಿನಲ್ಲಿ ಇರಲಿ. ಪಿಎಫ್ ಪೋರ್ಟಲ್‌ನಲ್ಲಿ ನೀವು ಕೆಲಸ ಬಿಟ್ಟ ತಾರೀಖು ಬಂದಿದೆಯೇ ನೋಡಿ. ಹಳೇ ಕಂಪನಿ ಹಾಕದಿದ್ದರೆ, ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳಾದ ಮೇಲೆ ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ಲಾಗಿನ್‌ನಿಂದ ನೀವೇ ಹಾಕಬಹುದು. ದುಡ್ಡಿನ ಅಡಚಣೆ ತೀರಾ ಇಲ್ಲದಿದ್ದರೆ ಪಿಎಫ್ ಪೂರ್ತಿ ತೆಗೆಯಬೇಡಿ, ಹೊಸ ಕಂಪನಿಗೆ ವರ್ಗಾಯಿಸಿ. ಐದು ವರ್ಷದ ಸೇವೆ ತುಂಬದೆ ತೆಗೆದರೆ ತೆರಿಗೆಯೂ ಬೀಳುತ್ತೆ.

ಆಫೀಸಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತೆ. ಮನೆಯವರಿಗೆಲ್ಲ ಸೇರಿ ಸ್ವಂತ ಪಾಲಿಸಿ ಇಲ್ಲದಿದ್ದರೆ ಇದೇ ವಾರ ಮಾಡಿಸಿ. ಹೊಸ ಪಾಲಿಸಿಗಳಲ್ಲಿ ಅಪಘಾತ ಬಿಟ್ಟು ಉಳಿದ ಕಾಯಿಲೆಗಳಿಗೆ ಮೊದಲ 30 ದಿನ ಸಾಮಾನ್ಯವಾಗಿ ರಕ್ಷಣೆ ಇರಲ್ಲ.

ಟೆಲಿಗ್ರಾಂ, ವಾಟ್ಸಾಪ್‌ನಲ್ಲಿ ಆಫರ್ ಲೆಟರ್ ಕಳಿಸಿ ತರಬೇತಿಗೆ, ಲ್ಯಾಪ್‌ಟಾಪಿಗೆ ಅಂತ ಡೆಪಾಸಿಟ್ ಕೇಳಿದರೆ ಅದು ಮೋಸವೇ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನು ಮನೆಯವರ "ಏನಾಯ್ತು? ಏನಾದ್ರೂ ಬಂತಾ?" ಅದು ಜಾಸ್ತಿ ಸುಸ್ತು ಮಾಡುತ್ತೆ, ನನಗೂ ಗೊತ್ತು. "ಭಾನುವಾರ ಬೆಳಿಗ್ಗೆ ತಿಂಡಿ ಹೊತ್ತಿಗೆ ನಾನೇ ಪಟ್ಟಿ ತೋರಿಸಿ ಹೇಳ್ತೀನಿ, ಬೇರೆ ದಿನ ಕೇಳಬೇಡಿ" ಅಂತ ಅವರ ಜೊತೆ ಒಪ್ಪಂದ ಮಾಡಿಕೊಳ್ಳಿ. ಅತ್ತೆ ಮಾವನಿಗೆ ಹೇಳೋ ಕೆಲಸ ನಿಮ್ಮ ಹೆಂಡತಿಗೆ ಬಿಡಿ. ಗಿಡಗಳಿಗೆ ನೀರು ಹಾಕೋದನ್ನು ನಿಲ್ಲಿಸಬೇಡಿ, ಆದರೆ ಒಂಬತ್ತರ ಹೊತ್ತಿಗೆ ಕೆಳಗಿಳಿಯಿರಿ. ಮಧ್ಯಾಹ್ನ ಒಂದಕ್ಕೆ ಪಟ್ಟಿ ಮುಚ್ಚಿದರೆ ಅಡ್ಡಿಯಿಲ್ಲ. ನಂತರ ಫೋನ್ ಬಂದರೆ ಮಾತಾಡಿದರಾಯಿತು.

ನಿಮಗೆ ಎಷ್ಟು ವರ್ಷದ ಅನುಭವ, ಯಾವ ಟೆಕ್ನಾಲಜಿ, ಬೆಂಗಳೂರಷ್ಟೇನಾ ಇಲ್ಲ ಮೈಸೂರು, ಮಂಗಳೂರು, ಹುಬ್ಬಳ್ಳಿ ಆದರೂ ಪರವಾಗಿಲ್ವಾ ಅಂತ ಇಲ್ಲೇ ಕೆಳಗೆ ಬರೆಯಿರಿ. ಫೋನ್ ನಂಬರ್ ಹಾಕಬೇಡಿ. ಗುಂಪಿನಲ್ಲಿ ಯಾರ ಕಂಪನಿಯಲ್ಲಾದರೂ ಜಾಗ ಇದ್ದರೆ ಅವರೇ ನಿಮಗೆ ಮೆಸೇಜ್ ಮಾಡ್ತಾರೆ.